ದಫೇದಾರರು ಟೀವಿ ಒಡೆಯಲಿಲ್ಲ

"ಹೊಳೆನರಸೀಪುರದ ದಫೇದಾರ್ರು ಗೊತ್ತಲ್ಲ, ಆ ಪೋಲೀಸ್ ಧಾರಾವಾಹಿ ಕೊನೇ ಕಂತು ನೋಡ್ತಾ ನೋಡ್ತಾ ತಲೆ ಕೆಟ್ಟು, ಹಿರೀಸಾವೆ ಹೋಟ್ಲಲ್ಲಿ ಕೊಡೆ ತಗಂಡು ಟೀವಿ ಒಡ್ದಾಕ್ಬುಟ್ರು. ಮಾರ್ನೇ ದಿನವೇ ಅರಕಲಗೂಡಿಗೆ ಓಗಿ ತಲೆ ತಪ್ಪಿಸ್ಕಂಡ್ರಂತೆ."

ಈ ವೃತ್ತಾಂತವನ್ನು ನಾನು ಚನ್ನರಾಯಪಟ್ಟಣದ ಒಂದು ಕ್ಷೌರದಂಗಡಿಯಲ್ಲಿ, ಹಾಸನದ ಬಸ್ ನಿಲ್ದಾಣದಲ್ಲಿ ಮತ್ತು ಎರಡು ಮದುವೆಗಳ ಊಟದ ಪಂಕ್ತಿಯಲ್ಲಿ ಕೇಳಿದ್ದೇನೆ. ಚನ್ನರಾಯಪಟ್ಟಣದಲ್ಲಿ ಅದು ಕಪ್ಪು ಬಿಳುಪಿನ ಸಣ್ಣ ಟೀವಿ. ಹಾಸನ ಮುಟ್ಟುವಷ್ಟರಲ್ಲಿ ಅದಕ್ಕೆ ಬಣ್ಣ ಬಂದಿತ್ತು. ಎರಡನೆಯ ಮದುವೆಯಲ್ಲಿ, ಹೋಳಿಗೆಗೆ ತುಪ್ಪ ಬಡಿಸುವ ಹೊತ್ತಿಗೆ, ಟೀವಿಗಳು ಎರಡಾಗಿದ್ದವು. ಹೋಟೆಲಿನ ಮಾಲೀಕರ ಹಣೆಗೂ ಪೆಟ್ಟು ಬಿದ್ದಿತ್ತು. "ನಾನೇ ಅಲ್ಲಿದ್ದೆ ಕಣ್ರೀ" ಎಂದು ಹೇಳಿದ ಆ ಮಹನೀಯರ ಪಕ್ಕದ ಎಲೆಯಲ್ಲಿ ಕುಳಿತಿದ್ದವನು ನಾನು. ಅಲ್ಲಿದ್ದವನೂ ನಾನು. ಅವರು ಇರಲಿಲ್ಲ.

ನಾನು ಶಾಲೆಯಲ್ಲಿ ಓದಿದ್ದು ಏಳನೆಯ ತರಗತಿಯವರೆಗೆ. ಉಳಿದದ್ದನ್ನು ಗ್ರಂಥಾಲಯವೊಂದರಲ್ಲಿ ಪುಸ್ತಕಗಳ ಧೂಳು ಒರೆಸುವ ಕೆಲಸದಲ್ಲಿದ್ದು, ಒರೆಸಿದ್ದನ್ನೆಲ್ಲ ತೆರೆದು ನೋಡುತ್ತ ಕಲಿತೆ. ಹಾಗೆ ಕಲಿತವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಒಂದೇ ಸಂಗತಿಯನ್ನು ಎರಡು ಪುಸ್ತಕಗಳು ಎರಡು ಬಗೆಯಾಗಿ ಹೇಳುವುದನ್ನು ಕಂಡು ಕಂಡು, ಮೂರನೆಯವರು ಬಾಯಲ್ಲಿ ಹೇಳಿದ್ದನ್ನು ನಂಬುವ ಶಕ್ತಿಯೇ ಹೊರಟುಹೋಗುತ್ತದೆ. ಆದರೂ ಮೇಲಿನ ವೃತ್ತಾಂತವನ್ನು ನಾನು ಪೂರ್ತಿ ಅಲ್ಲಗಳೆಯುವುದಿಲ್ಲ. ಅದರಲ್ಲಿ ಹಿರೀಸಾವೆ ನಿಜ, ಕೊಡೆ ನಿಜ, ಅರಕಲಗೂಡಿಗೆ ಹೋದದ್ದೂ ನಿಜ. ಉಳಿದದ್ದೆಲ್ಲ ಸುಳ್ಳು.

ದಫೇದಾರರು ಎಂದರೆ ನಮ್ಮ ಭಾವನವರು, ನನ್ನ ಅಕ್ಕನ ಗಂಡ. ಹೆಸರು ಬರೆಯುವಂತಿಲ್ಲ. ಬರೆದರೆ ಈ ಇಳಿವಯಸ್ಸಿನಲ್ಲಿ ಅಕ್ಕನ ಕೈಯಲ್ಲಿ ಬೈಸಿಕೊಳ್ಳಬೇಕಾಗುತ್ತದೆ. ಭಾವನವರು ಪೋಲೀಸು ಇಲಾಖೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದು ನಿವೃತ್ತರಾದರು. ಆದರೆ ಇಲಾಖೆ ಅವರಿಂದ ನಿವೃತ್ತವಾಗಲಿಲ್ಲ. ಲಾಠಿಯನ್ನು ಹಿಂದಿರುಗಿಸಿ ಬಂದ ಮರುದಿನವೇ ಅದರ ಜಾಗಕ್ಕೆ ಒಂದು ಕರಿಯ ಕೊಡೆ ಬಂತು. ಬಿಸಿಲಿರಲಿ, ಮಳೆಯಿರಲಿ, ಅದನ್ನು ಬಿಚ್ಚಿದವರಲ್ಲ. ಕಂಕುಳಲ್ಲಿ ನೇರವಾಗಿ ಸಿಕ್ಕಿಸಿಕೊಂಡು, ಬೀದಿಯ ಎರಡೂ ಬದಿ ನೋಡುತ್ತ, ತರಕಾರಿ ತರಲು ಹೋಗುವಾಗಲೂ ಗಸ್ತು ಹೊರಟವರಂತೆಯೇ ನಡೆಯುತ್ತಿದ್ದರು.

ಆ ಕೊಡೆಯದೇ ಒಂದು ಕತೆ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಅದರ ಒಂದು ಕಡ್ಡಿ ಮುರಿಯುತ್ತಿತ್ತು. ಬಿಚ್ಚದ ಕೊಡೆಯ ಕಡ್ಡಿ ಮುರಿಯುವುದು ಹೇಗೆ? ಈ ಪ್ರಶ್ನೆಯನ್ನು ನಾನು ಕೇಳಿದಾಗಲೆಲ್ಲ ಭಾವನವರು ಆಕಾಶ ನೋಡುತ್ತಿದ್ದರು. ಹೊಳೆನರಸೀಪುರದಲ್ಲಿ ಕೊಡೆ ರಿಪೇರಿಯವರಿಗೆ ಬರವಿರಲಿಲ್ಲ. ಆದರೂ ಭಾವನವರು ಬಸ್ಸು ಹತ್ತಿ ಅರಕಲಗೂಡಿಗೇ ಹೋಗಿ, ಅಲ್ಲಿ ಪೇಟೆಯ ಮೂಲೆಯ ಜಗಲಿಯೊಂದರ ಮೇಲೆ ಕೂರುವ ಒಬ್ಬರ ಕೈಯಲ್ಲೇ ಕಡ್ಡಿ ಹಾಕಿಸಿಕೊಂಡು ಬರಬೇಕು.

"ನಮ್ಮನೆಯವ್ರ ಕೊಡೆಗೆ ತವರುಮನೆ ಅರಕಲಗೂಡು ಕಣೋ" ಎಂದು ಅಕ್ಕ ನಗುತ್ತಿದ್ದಳು. "ವರ್ಷಕ್ಕೊಂದ್ಸಲ ಕಳಿಸ್ಲಿಲ್ಲ ಅಂದ್ರೆ ಅತ್ತು ಕರೆದು ಮಾಡ್ತದೆ."

ಇಂಥ ಭಾವನವರ ಮನೆಗೆ, ಅವರು ನಿವೃತ್ತರಾದ ಎರಡು ಮೂರು ವರ್ಷದ ಮೇಲೆ, ಶನಿವಾರ ಸಂಜೆ ಆರೂವರೆಯ ಆ ಧಾರಾವಾಹಿ ನುಗ್ಗಿತು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಅದೊಬ್ಬ ಲಂಚಕೋರ ಇನ್‌ಸ್ಪೆಕ್ಟರನ ಕತೆ. ಧಾರಾವಾಹಿಯಲ್ಲಿ ಅವನಿಗೊಂದು ಹೆಸರಿತ್ತು. ನಮ್ಮ ಬೀದಿಯಲ್ಲಿ ಅದನ್ನು ಯಾರೂ ಬಳಸುತ್ತಿರಲಿಲ್ಲ. 'ಮೀಸೆ' ಎಂದರೆ ಸಾಕಾಗಿತ್ತು. ಮೀಸೆ ಕಳ್ಳರಿಂದ ತಿನ್ನುತ್ತಿದ್ದ, ಕಳಕೊಂಡವರಿಂದಲೂ ತಿನ್ನುತ್ತಿದ್ದ. ತಪ್ಪು ಮಾಡದವರನ್ನು ಒಳಗೆ ಹಾಕಿ, ಮಾಡಿದವರನ್ನು ಮನೆಯವರೆಗೆ ಜೀಪಿನಲ್ಲಿ ಬಿಟ್ಟು ಬರುತ್ತಿದ್ದ. ಜಿಲ್ಲೆಗೆ ಜಿಲ್ಲೆಯೇ ಅವನನ್ನು ಶಪಿಸುತ್ತ ಒಂದು ವಾರವೂ ಬಿಡದೆ ನೋಡುತ್ತಿತ್ತು.

ಭಾವನವರು ಆರಂಭದಲ್ಲಿ ನೋಡಿದ್ದು ತಪ್ಪು ಹಿಡಿಯಲಿಕ್ಕೆ. "ಟೋಪಿ ಇಲ್ದೆ ಸಲ್ಯೂಟ್ ಒಡೀತಾವ್ನೆ ನೋಡ್ಲಾ. ಯಾವೂರ ಪೋಲೀಸ್ನಲಾ ಇವ್ನು" ಎಂದು ಕುರ್ಚಿಯಲ್ಲಿ ಮಿಸುಕುತ್ತಿದ್ದರು. ಆಮೇಲೆ ಇನ್ನೊಂದು ತೊಡಕು ಬಂತು. ಭಾನುವಾರ ಬೆಳಿಗ್ಗೆ ಬೀದಿಯಲ್ಲಿ ಇಬ್ಬರು ಸೇರಿದರೆ, ಶನಿವಾರ ನಡೆದದ್ದೇನು ಎಂಬುದರಲ್ಲೇ ಒಮ್ಮತವಿರುತ್ತಿರಲಿಲ್ಲ. ಮೀಸೆ ಆ ಚೀಲವನ್ನು ಜೀಪಿನಲ್ಲಿಟ್ಟನೋ, ಮೇಜಿನ ಖಾನೆಯಲ್ಲಿಟ್ಟನೋ? ಇದರ ಬಗ್ಗೆ ಎದುರುಮನೆಯ ನಿವೃತ್ತ ಹೆಡ್‌ಮೇಷ್ಟರಿಗೂ ಭಾವನವರಿಗೂ ಒಂದು ವಾರ ಮಾತು ಬಿಟ್ಟುಹೋಯಿತು. ಟೀವಿಯಲ್ಲಿ ಹೋದದ್ದು ಹೋಯಿತು. ತಿರುಗಿ ನೋಡುವ ಅನುಕೂಲ ಆಗ ಯಾರಿಗಿತ್ತು?

ಆ ಮೇಲಿನ ಶನಿವಾರ ಭಾವನವರು ಒಂದು ಉದ್ದನೆಯ ರೂಲುಹಾಳೆಯ ಪುಸ್ತಕ ತಂದರು. ಕಂತು ಮುಗಿದ ಕೂಡಲೇ ಮಹಜರು ಬರೆದರು.

ಕಳವಿನ ಮಾಲು ಸಿಕ್ಕಿದ ಜಾಗದಲ್ಲಿ ಇಬ್ಬರು ಸಾಕ್ಷಿಗಳನ್ನು, ಅಂದರೆ ಪಂಚರನ್ನು, ನಿಲ್ಲಿಸಿಕೊಂಡು, ಕಂಡದ್ದನ್ನು ಕಂಡ ಹಾಗೆ ಬರೆದು ರುಜು ಹಾಕಿಸಿಕೊಳ್ಳುತ್ತಾರಲ್ಲ, ಅದೇ ಮಹಜರು. "ಈ ದಿನ ಸಂಜೆ ಆರೂವರೆ ಗಂಟೆಗೆ, ಕೆಳಗೆ ರುಜು ಮಾಡಿರುವ ಪಂಚರಾದ ನಾವು ಟೀವಿಯ ಮುಂದೆ ಹಾಜರಿದ್ದು ನೋಡಲಾಗಿ, ಸದರಿ ಇನ್‌ಸ್ಪೆಕ್ಟರು ಗೋಡೌನಿನ ಬೀಗವನ್ನು ತಾನೇ ತೆಗೆದು, ಅನಂತರ ಬೀಗ ಒಡೆದಿದೆಯೆಂದು ಕೂಗಿದ್ದು ಕಂಡುಬಂದಿರುತ್ತದೆ. ನಡುವೆ ಸೋಪಿನ ಜಾಹೀರಾತು ಎರಡು ಬಾರಿ ಬಂದಿರುತ್ತದೆ." ಹೀಗೆ ಸಾಗುತ್ತಿತ್ತು. ಅಕ್ಷರ ಮುತ್ತು ಪೋಣಿಸಿದ ಹಾಗೆ. ಸರ್ವೀಸಿನುದ್ದಕ್ಕೂ ಅವರ ಸ್ಟೇಷನ್ನುಗಳಲ್ಲಿ ಮಹಜರು ಬರೆಯುವ ಕೆಲಸ ಅವರಿಗೇ ಬೀಳುತ್ತಿದ್ದದ್ದು ಈ ಅಕ್ಷರದಿಂದಾಗಿ.

ಮೊದಲನೆಯ ಪಂಚ ನಾನು. ಎರಡನೆಯವಳು ಅಕ್ಕ. ಮಹಜರಿನ ವಿಷಯದಲ್ಲಿ ಭಾವನವರು ಹೆಂಡತಿ ಭಾವಮೈದ ಎಂದು ನೋಡುವವರಲ್ಲ. ಒಂದು ವಾರ ಅಕ್ಕ ಕುಕ್ಕರು ಇಳಿಸಿ ಬಂದಳೆಂದು, "ಎರಡನೇ ಪಂಚರು ಕುಕ್ಕರಿನ ನಿಮಿತ್ತ ಎರಡು ನಿಮಿಷ ಗೈರುಹಾಜರಿದ್ದು, ಆ ಅವಧಿಯ ಬಗ್ಗೆ ಇವರ ಸಾಕ್ಷ್ಯವಿರುವುದಿಲ್ಲ" ಎಂದು ಬರೆದರು. ಇನ್ನೊಂದು ವಾರ ಮೇಷ್ಟರು, ರಾಜಿಯಾದ ಸಂತೋಷಕ್ಕೆ, ತಾವೂ ರುಜು ಹಾಕಲು ಬಂದರು. ಭಾವನವರು ಪೆನ್ನು ಕಿತ್ತುಕೊಂಡರು.

"ನಿದ್ದೆ ಒಡೆದವ್ರ ರುಜು ನಡ್ಯಾಕಿಲ್ಲ ಮೇಷ್ಟ್ರೇ."

"ಕಣ್ಣು ಮುಚ್ಚಿದ್ದೆ ಅಷ್ಟೆ. ಕಿವಿ ಕೇಳಿಸ್ತಿತ್ತು ದಫೇದಾರ್ರೇ."

"ಕೇಳಿಸ್ಕಂಡಿದ್ದು ಕೇಳಿಕೆ. ಕಂಡಿದ್ದು ಸಾಕ್ಷಿ. ಕಾಣ್ದೇ ಇರೋದಕ್ಕೆ ಈ ಮನೇಲಿ ಯಾರೂ ರುಜು ಆಕಂಗಿಲ್ಲ."

"ಅಬ್ಬಬ್ಬ, ಸರ್ವೀಸಿನಾಗೂ ಹಿಂಗೇ ಇದ್ರಾ?" ಎಂದು ಅಕ್ಕ ಒಗ್ಗರಣೆ ಹಾಕಿದಳು. ಭಾವನವರು ನಗಲಿಲ್ಲ. ಪುಸ್ತಕ ಮುಚ್ಚಿ, ಕೊಡೆ ತೆಗೆದುಕೊಂಡು, ಎಲ್ಲಿಗೆ ಎಂದು ಹೇಳದೆ ಹೊರಗೆ ಹೋದರು.

ಧಾರಾವಾಹಿ ಎರಡನೆಯ ವರ್ಷಕ್ಕೆ ಬಿದ್ದ ಮೇಲೆ ಊರಿಗೆಲ್ಲ ಒಂದೇ ಚಿಂತೆ: ಮೀಸೆಯ ಕತೆ ಮುಗಿಯುವುದು ಹೇಗೆ? ಭಾವನವರು ಪುಸ್ತಕದ ಹಿಂಬದಿಯಿಂದ ಇನ್ನೊಂದು ಭಾಗ ತೆರೆದು, ಒಬ್ಬೊಬ್ಬರದೂ ಹೇಳಿಕೆ ಪಡೆದರು. ಮೇಷ್ಟರು, "ಮಂತ್ರಿ ಆಗ್ತಾನೆ. ಪೋಲೀಸ್ ಖಾತೆಯನ್ನೇ ಕೊಡ್ತಾರೆ" ಎಂದರು. ಪೇಟೆಯಲ್ಲಿ ಗುಂಡೇಟು ತಿಂದು ಸಾಯುತ್ತಾನೆಂಬ ಪಕ್ಷವೇ ದೊಡ್ಡದು. ಅಕ್ಕನ ಹೇಳಿಕೆ ಹೀಗಿದೆ: "ಅವ್ನ ಎಂಡ್ತಿ ಸಾರಿನಾಗೆ ಏನಾದ್ರೂ ಆಕ್ತಾಳೆ. ನಾನಾಗಿದ್ರೆ ಮೂವತ್ತನೇ ವಾರಕ್ಕೇ ಆಕ್ಬುಡ್ತಿದ್ದೆ." ಇದನ್ನು ಬರೆದುಕೊಂಡ ವಾರವಿಡೀ ಭಾವನವರು ಅನ್ನಕ್ಕೆ ಮಜ್ಜಿಗೆಯನ್ನೇ ಕಲಸಿಕೊಂಡು ಉಂಡದ್ದಕ್ಕೆ ನಾನು ಸಾಕ್ಷಿ. ನನ್ನ ಹೇಳಿಕೆ ಒಂದೇ ಸಾಲು: "ಇದು ಮುಗಿಯುವುದಿಲ್ಲ, ನಿಲ್ಲುತ್ತದೆ."

ಒಮ್ಮೆ ಅರಕಲಗೂಡಿನಿಂದ ಬರುವಾಗ ಬಸ್ಸಿನಲ್ಲಿ ರುದ್ರಪಟ್ಟಣದ ಪಿಟೀಲು ವಿದ್ವಾಂಸರೊಬ್ಬರು ಪಕ್ಕದಲ್ಲಿ ಕೂತಿದ್ದರು. ಭಾವನವರು ಅವರನ್ನೂ ಬಿಡಲಿಲ್ಲ. ವಿದ್ವಾಂಸರು ಸ್ವಲ್ಪ ಯೋಚಿಸಿ, "ಕತೆ ನನಗೆ ಗೊತ್ತಾಗೋದಿಲ್ಲ, ನಾನು ಒಳಕೋಣೆಯಿಂದ ಕೇಳೋನು. ಆದರೆ ಆ ಮನುಷ್ಯ ಬರುವಾಗ ಮೊದಲು ಬರೀ ಡೋಲು ಬಡೀತಿದ್ರು. ಈಚೆಗೆ ಪಿಟೀಲು ಸೇರಿಸಿದ್ದಾರೆ. ಏನೋ ಮನಸ್ಸು ಕರಗಿದೆ" ಎಂದರು. ಇದು ಪುಸ್ತಕದಲ್ಲಿ 'ತಜ್ಞರ ಅಭಿಪ್ರಾಯ' ಎಂಬ ಶೀರ್ಷಿಕೆಯ ಕೆಳಗಿದೆ.

ಎಲ್ಲರದೂ ಆದ ಮೇಲೆ ಮೇಷ್ಟರು, "ನಿಮ್ಮದು ಹೇಳಿ ದಫೇದಾರ್ರೇ" ಎಂದು ಪಟ್ಟು ಹಿಡಿದರು.

"ಅವ್ನೇ ಸ್ಟೇಷನ್ನಿಗೆ ಓಗಿ, ತಾನು ಮಾಡಿದ್ದೆಲ್ಲ ಯೋಳಿ, ತನ್ನ ಮ್ಯಾಲೆ ತಾನೇ ಬರೆಸ್ತಾನೆ."

ಮನೆಯ ಜಗಲಿಯ ಮೇಲಿದ್ದವರೆಲ್ಲ ನಕ್ಕರು. ಮೇಷ್ಟರಂತೂ ಕಣ್ಣು ಒರೆಸಿಕೊಂಡರು. "ಅಲ್ರೀ, ಪೋಲೀಸಿನವನು ತನ್ನ ಮೇಲೇ ಕೇಸು ಬರೆಸ್ತಾನಾ? ನಿಮ್ಮ ಸರ್ವೀಸಿನಲ್ಲಿ ಒಬ್ಬನಾದ್ರೂ ಹಂಗೆ ಮಾಡಿದ್ದುಂಟಾ, ಹೇಳಿ."

"ಇಲ್ಲ" ಎಂದರು ಭಾವನವರು.

ಮಾರನೆಯ ಬೆಳಿಗ್ಗೆ ಹೊಳೆಯ ಕಡೆ ವಾಕಿಂಗ್ ಹೊರಟಾಗ, ಸೇತುವೆಯ ಮೇಲೆ ನಿಂತು, ಕೇಳದೆಯೇ ಹೇಳಿದರು. ಅವರು ಇನ್ನೂ ಹೊಸ ಪೇದೆಯಾಗಿದ್ದಾಗ, ಬೇರೊಂದು ಜಿಲ್ಲೆಯಲ್ಲಿ, ಮೀಸೆಯಂಥ ಒಬ್ಬ ಇನ್‌ಸ್ಪೆಕ್ಟರಿದ್ದ. ಊರಿನ ದೊಡ್ಡ ಮನೆಯ ಮಗನೊಬ್ಬ ಪಂಪ್‌ಸೆಟ್ಟಿನ ಮೋಟಾರು ಕದ್ದಿದ್ದ. ಇನ್‌ಸ್ಪೆಕ್ಟರು ಅವನನ್ನು ಬಿಟ್ಟು, ಮೋಟಾರನ್ನು ಒಬ್ಬ ಸೈಕಲ್ ಶಾಪಿನವನ ಅಂಗಡಿಯಲ್ಲಿ ಸಿಕ್ಕಿತೆಂದು ತೋರಿಸಿದ. ಆ ಮಹಜರನ್ನು ಬರೆದವರು ಭಾವನವರು. ಬರೆದದ್ದು ಸ್ಟೇಷನ್ನಿನಲ್ಲಿ ಕೂತು. ಆ ಅಂಗಡಿಯನ್ನು ಅವರು ಕಣ್ಣಲ್ಲೂ ಕಂಡಿರಲಿಲ್ಲ.

"ಅಕ್ಷರ ಚೆಂದಾಗೈತೆ, ನೀನೇ ಬರಿ ಅಂದ. ಬರೆದೆ. ಅಂಗಡಿ ಬಾಗ್ಲು ಯಾವ ದಿಕ್ಕಿಗೈತೆ ಅಂತ್ಲೂ ನಾನೇ ಬರೆದೆ ಕಣ್ಲಾ. ಯಾವ ದಿಕ್ಕೋ ನಂಗೇನ್ ಗೊತ್ತು."

ಸೈಕಲ್ ಶಾಪಿನವನು ಎಂಟು ತಿಂಗಳು ಜೈಲಿನಲ್ಲಿದ್ದ. ಆಮೇಲೆ ಕೇಸು ಬಿದ್ದುಹೋಯಿತು. ಕಳ್ಳನೆಂಬ ಹೆಸರು ಬಿದ್ದುಹೋಗಲಿಲ್ಲ. ಅಂಗಡಿ ಮುಚ್ಚಿ, ಊರು ಬಿಟ್ಟ. ಎಷ್ಟೋ ವರ್ಷದ ಮೇಲೆ ಭಾವನವರು ಒಂದು ಮದುವೆಗೆಂದು ಅರಕಲಗೂಡಿಗೆ ಹೋಗಿದ್ದಾಗ, ಅದೊಂದೇ ಸಲ ಬಿಚ್ಚಿದ ಕೊಡೆಯ ಕಡ್ಡಿ ಗಾಳಿಗೆ ಮುರಿಯಿತು. ರಿಪೇರಿಗೆಂದು ಕೊಟ್ಟು ನೋಡಿದರೆ, ಜಗಲಿಯ ಮೇಲೆ ಕೂತಿದ್ದವರು ಅಂದು ಲಾಕಪ್ಪಿನಲ್ಲಿ ಕಂಡಿದ್ದ ಆ ಸೈಕಲ್ ಶಾಪಿನವರೇ.

"ಮೊದಲ್ನೇ ಸಲ ಕಡ್ಡಿ ತಾನಾಗೇ ಮುರೀತು. ಆಮೇಲೆ ವರ್ಷವರ್ಷವೂ ನಾನೇ ಮುರ್ಕಂಡು ಓಗ್ತಾವ್ನಿ. ಯೋಳ್ಬುಡಾನ ಅಂತ. ಅವ್ರು ಕಡ್ಡಿ ಆಕ್ಕೊಡ್ತಾರೆ, ನಾನು ಈಸ್ಕಂಡು ಬತ್ತೀನಿ. ಬಾಯಿ ಬರಾಕಿಲ್ಲ."

ಅವರು ಹೊಳೆಯ ಕಡೆಗೇ ನೋಡುತ್ತಿದ್ದರು. "ಆ ಮೀಸೆ ನನ್ಮಗ ಒಂದ್ಸಲ ಯೋಳ್ಬುಡ್ಲಿ. ನಾನೂ ಯೋಳ್ತೀನಿ."

ಹೀಗೆ ನಮ್ಮ ಭಾವನವರು ತಮ್ಮ ಬಾಯಿಯ ಬೀಗದ ಕೈಯನ್ನು ಧಾರಾವಾಹಿ ಬರೆಯುವ ಯಾರೋ ಅಪರಿಚಿತನ ಕೈಗೆ ಕೊಟ್ಟು ಕೂತಿದ್ದರು. ಅಂದಿನಿಂದ ಶನಿವಾರದ ಸಂಜೆಗಳಲ್ಲಿ ನನಗೂ ಕುರ್ಚಿಯ ತುದಿಯಲ್ಲೇ ಕೂರುವ ಅಭ್ಯಾಸವಾಯಿತು. ಮೀಸೆ ಒಂದು ಒಳ್ಳೆಯ ಮಾತಾಡಿದರೆ ಸಾಕು, ನಾನು ಭಾವನವರ ಮುಖ ನೋಡುತ್ತಿದ್ದೆ. ಅವನು ಮರುಗಳಿಗೆಯಲ್ಲಿ ಯಾರದೋ ಕಪಾಳಕ್ಕೆ ಬಾರಿಸಿದರೆ ಪೆಟ್ಟು ನಮ್ಮಿಬ್ಬರಿಗೂ ಬೀಳುತ್ತಿತ್ತು.

ಕೊನೆಗೆ ಒಂದು ದಿನ 'ಮುಂದಿನ ಶನಿವಾರ ಅಂತಿಮ ಕಂತು' ಎಂದು ತೋರಿಸಿದರು. ಆ ವಾರದಿಂದಲೇ ನಮ್ಮೂರಿಗೆ ಸಂಜೆ ಕರೆಂಟು ಕೊಡುವ ಪದ್ಧತಿ ನಿಂತುಹೋಯಿತು. ಆದ್ದರಿಂದ ಆ ಶನಿವಾರ ನಾವು ಮೂವರೂ ಮಧ್ಯಾಹ್ನವೇ ಹೊರಟು ಚನ್ನರಾಯಪಟ್ಟಣದ ನನ್ನ ಮಗಳ ಮನೆಗೆ ಬಂದೆವು. ಐದು ಗಂಟೆಗೆ ಅಲ್ಲಿಯೂ ಕರೆಂಟು ಹೋಯಿತು. ಭಾವನವರು ಬೀದಿಗಿಳಿದು, ಕಂಬದ ಮೇಲಿದ್ದ ಲೈನ್‌ಮನ್ನನ್ನು ಕೊಡೆ ತೋರಿಸಿ ವಿಚಾರಣೆ ಮಾಡಿದರು.

"ಎಷ್ಟೊತ್ತಿಗಪ್ಪ ಬರೋದು?"

"ಎಂಟಾಯ್ತದೆ ಸಾ."

"ಆರೂವರೆಗೆ ಮೀಸೆ ಬತ್ತಾನಲ್ಲಪ್ಪ."

"ನಂಗೂ ನೋಡ್ಬೇಕು ಸಾ. ಕಂಬ ಬಿಟ್ಟು ಇಳಿಯಂಗಿಲ್ವಲ್ಲ."

ಹೆದ್ದಾರಿಯ ಹಿರೀಸಾವೆಯಲ್ಲಿ, ಬಸ್ಸುಗಳು ಕಾಫಿಗೆ ನಿಲ್ಲುವ ಹೋಟೆಲೊಂದರಲ್ಲಿ, ಜನರೇಟರು ಇದೆಯೆಂದು ನನ್ನ ಅಳಿಯ ಹೇಳಿದ. ಅಕ್ಕ ಬರಲೊಪ್ಪಲಿಲ್ಲ; ಅವಳ ಪ್ರಕಾರ ಸಾರಿನ ವಿಷಯ ಆಗಲೇ ತೀರ್ಮಾನವಾಗಿತ್ತು. ನಾವಿಬ್ಬರೂ ಸಿಕ್ಕಿದ ಬಸ್ಸು ಹತ್ತಿ ಆರೂಕಾಲಿಗೆ ಇಳಿದೆವು. ಹೋಟೆಲಿನ ಟೀವಿಯಲ್ಲಿ ಕ್ರಿಕೆಟ್ ಬರುತ್ತಿತ್ತು. ಭಾವನವರು ಗಲ್ಲಾದ ಮೇಲಿದ್ದ ಮಾಲೀಕರ ಮುಂದೆ ನೆಟ್ಟಗೆ ನಿಂತು, ಮೂವತ್ತು ವರ್ಷ ಕಳ್ಳರ ಮೇಲೆ ಬಳಸಿದ ಗಂಟಲಿನಲ್ಲಿ, "ಸ್ಟೇಷನ್ನಿಂದ ಬಂದಿವ್ನಿ. ಚಾನಲ್ ಬದಲಾಯ್ಸಿ" ಎಂದರು.

ಮಾಲೀಕರು ಎದ್ದೇ ನಿಂತರು. "ಯಾವ ಸ್ಟೇಷನ್ ಸಾ?"

"ರಿಟೈರ್ಡು" ಎಂದೆ ನಾನು, ಸತ್ಯವನ್ನು ಹೇಳುವ ಚಟದಿಂದ. ಆದರೆ ಅಷ್ಟರಲ್ಲಿ ಚಾನಲ್ ಬದಲಾಗಿತ್ತು. ಕ್ರಿಕೆಟ್ಟಿನವರು ಗೊಣಗಿದರು, ಮೀಸೆಯ ಹೆಸರು ಕೇಳಿದ್ದೇ ಸುಮ್ಮನಾದರು. ಕಾಫಿಗೆಂದು ಹತ್ತು ನಿಮಿಷ ನಿಂತಿದ್ದ ಬಸ್ಸಿನ ಕಂಡಕ್ಟರು ಮೂರು ಸಲ ಸೀಟಿ ಊದಿ, ಒಬ್ಬರೂ ಏಳದಿದ್ದಾಗ ಡ್ರೈವರನ್ನು ಕರೆಯಲು ಒಳಗೆ ಬಂದ. ಡ್ರೈವರು ಮೊದಲ ಸಾಲಿನಲ್ಲಿ ಕೂತಿದ್ದ.

"ಕೂತ್ಕಳಪ್ಪ ಅತ್ಲಾಗೆ. ಇವ್ನು ಸಾಯೋದು ನೋಡ್ಕಂಡೇ ಓಗಾನ" ಎಂದ.

"ಸಾಯಾಕಿಲ್ಲ" ಎಂದರು ಭಾವನವರು.

"ನೀವೇನ್ ಬರ್ದೋರಾ?"

ಕಂತು ನಡೆಯಿತು. ಮೀಸೆಯ ಬಳಿಯಿದ್ದವರೆಲ್ಲ ಒಬ್ಬೊಬ್ಬರಾಗಿ ಅವನನ್ನು ಬಿಟ್ಟುಹೋದರು. ಅವನು ಜೀಪಿಲ್ಲದೆ, ಒಂಟಿಯಾಗಿ, ಬೀದಿಯಲ್ಲಿ ನಡೆದು ಬರತೊಡಗಿದ. ಡೋಲು ನಿಂತು ಪಿಟೀಲು ಶುರುವಾಯಿತು. ರುದ್ರಪಟ್ಟಣದ ವಿದ್ವಾಂಸರ ಮಾತು ನೆನಪಾಯಿತು. ಬೀದಿಯ ಕೊನೆಯಲ್ಲಿ ಪೋಲೀಸ್ ಸ್ಟೇಷನ್. ಮೀಸೆ ಅದರ ಮುಂದೆ ನಿಂತ. ಟೋಪಿ ತೆಗೆದ. ಬಲಗಾಲನ್ನೆತ್ತಿ ಮೊದಲ ಮೆಟ್ಟಿಲ ಮೇಲಿಟ್ಟ.

ಭಾವನವರು ತಟ್ಟನೆ ಎದ್ದು ನಿಂತು, ಕೊಡೆಯನ್ನು ಟೀವಿಯತ್ತ ಚಾಚಿ, "ನೋಡ್ರಲಾ, ಮೆಟ್ಲತ್ತುತಾವ್ನೆ" ಎಂದರು.

ಆ ಕ್ಷಣಕ್ಕೆ ಸರಿಯಾಗಿ ಹಿತ್ತಲಿನ ಜನರೇಟರು ಎರಡು ಸಲ ಕೆಮ್ಮಿ, ನಿಂತಿತು. ಡೀಸೆಲು ತೀರಿತ್ತು. ಟೀವಿ ಆರಿತು, ದೀಪ ಆರಿತು, ಅದೇ ಗಳಿಗೆಯಲ್ಲಿ ಗಾಜು ಒಡೆದ ಸದ್ದು ಕೇಳಿಸಿತು.

ಹಿಂದಿನ ಸಾಲಿನವರ ಸಾಕ್ಷ್ಯವನ್ನು ಈಗ ಪರಿಶೀಲಿಸೋಣ. ಅವರು ಕಂಡದ್ದು ಟೀವಿಯ ಕಡೆ ಎತ್ತಿದ ಕೊಡೆ. ಆಮೇಲೆ ಕಂಡದ್ದು ಕತ್ತಲೆ. ಕೇಳಿದ್ದು ಗಾಜಿನ ಸದ್ದು. ಮೂರನ್ನೂ ಜೋಡಿಸಿ ಅವರು ದೀಪ ಬರುವ ಮೊದಲೇ ಬಸ್ಸು ಹತ್ತಿ ಹೋದರು. ಬಸ್ಸು ಹೋದಲ್ಲಿಗೆಲ್ಲ ಸುದ್ದಿಯೂ ಹೋಯಿತು. ಆದರೆ ಒಡೆದದ್ದು ಟೀವಿಯ ಗಾಜಲ್ಲ, ಕಾಫಿಯ ಗಾಜಿನ ಲೋಟ. ಅದು ಬಿದ್ದದ್ದು ನನ್ನ ಕೈಯಿಂದ. ದೀಪ ಹೊತ್ತಿಸಿದ ಮೇಲೆ ಉಳಿದವರೆಲ್ಲ ಭಾವನವರನ್ನು ನೋಡುತ್ತಿದ್ದಾಗ, ಅಲ್ಲಿಯೇ ಹೇಳಬಹುದಾಗಿತ್ತು. ನಾಚಿಕೆಯಾಗಿ ಚೂರುಗಳನ್ನು ಕಾಲಿನಿಂದ ಬೆಂಚಿನ ಕೆಳಗೆ ತಳ್ಳಿ ಸುಮ್ಮನಿದ್ದೆ. ಇಷ್ಟು ವರ್ಷ ಸುಮ್ಮನಿದ್ದೆ. ಪರರ ಮಾತಿನಲ್ಲಿ ಸುಳ್ಳು ಹುಡುಕುವವನ ಹೇಳಿಕೆ ಇದು, ಓದುಗರು ಬರೆದುಕೊಳ್ಳಲಿ.

ಮಗಳ ಮನೆಗೆ ಮರಳಿದೆವು. ಮೀಸೆಯ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಬೀದಿಯಲ್ಲಿ. ಅವನು ಒಳಗೆ ಹೋದನೋ, ತಿರುಗಿ ನಡೆದನೋ? ಭಾನುವಾರ ಬೆಳಿಗ್ಗೆ ಹಾಲು ತರಲು ಹೋದ ನನ್ನ ಅಳಿಯ ಸುದ್ದಿಯೊಂದಿಗೇ ಬಂದ. "ದೊಡ್ಡಮಾವ, ಗೊತ್ತಾಯ್ತು. ಪಕ್ಕದ ಬೀದೀಲಿ ಬ್ಯಾಟರಿ ಟೀವೀಲಿ ನೋಡಿದ್ರಂತೆ. ಕೊನೇಲಿ ಮೀಸೆ..."

"ಯೋಳ್ಬ್ಯಾಡ" ಎಂದು ಭಾವನವರು ಎರಡೂ ಕಿವಿ ಮುಚ್ಚಿಕೊಂಡರು. ಆಮೇಲೆ ಅಕ್ಕನ ಕಡೆ ತಿರುಗಿ, "ಲೇ, ಒಂದಿಷ್ಟು ಅತ್ತಿ ಕೊಡು" ಎಂದರು.

ಅಕ್ಕ ದೇವರ ಮುಂದಿಟ್ಟಿದ್ದ ಹೂಬತ್ತಿಗಳಲ್ಲಿ ಎರಡನ್ನು ತಂದು ಗಂಡನ ಕಿವಿಗಳಿಗೆ ತುರುಕಿದಳು. "ಎಣ್ಣೆ ಒಂದು ಬಾಕಿ, ದೀಪ ಅಚ್ಬೋದು" ಎಂದಳು. ಅವರಿಗೆ ಕೇಳಿಸಲಿಲ್ಲ.

ಆ ಸ್ಥಿತಿಯಲ್ಲಿಯೇ ನಾವಿಬ್ಬರೂ ಬಸ್ಸು ಹತ್ತಿದೆವು. ಹೊಳೆನರಸೀಪುರದಲ್ಲಿ ಇಳಿದು ಮನೆಗೆ ಹೋಗುವ ಬದಲು ಅರಕಲಗೂಡಿನ ಬಸ್ಸು ಹಿಡಿದೆವು. ಎರಡೂ ಬಸ್ಸಿನಲ್ಲಿ ಜನಕ್ಕೆ ಬೇರೆ ಮಾತೇ ಇರಲಿಲ್ಲ. ಸತ್ತ ಎನ್ನುವವರು, ಒಳಗೆ ಹೋದ ಎನ್ನುವವರು, ಅದು ಬರೀ ಕನಸು ಎನ್ನುವವರು. ಭಾವನವರು ಕಿವಿಯಲ್ಲಿ ಬಿಳಿಯ ಬತ್ತಿಗಳನ್ನಿಟ್ಟುಕೊಂಡು, ಕಂಕುಳಲ್ಲಿ ಕೊಡೆ ಸಿಕ್ಕಿಸಿಕೊಂಡು, ಕಿಟಕಿಯಾಚೆ ನೋಡುತ್ತ ಕೂತಿದ್ದರು. ಯಾಕೆ ಹೀಗೆ ಎಂದು ನಾನು ಸನ್ನೆಯಲ್ಲಿ ಕೇಳಿದೆ. ಕಿವಿ ಮುಚ್ಚಿಕೊಂಡವರು ತಮ್ಮ ದನಿಯ ಅಳತೆ ತಿಳಿಯದೆ ಮಾತಾಡುವುದರಿಂದ, ಅವರ ಉತ್ತರ ಇಡೀ ಬಸ್ಸಿಗೆ ಕೇಳಿಸಿತು.

"ಅವ್ನು ಮೆಟ್ಲತ್ತಿದ ಅಂದ್ರೆ, ಅವ್ನ ನೋಡ್ಕಂಡು ನಾನು ಅತ್ತಿದಂಗಾಯ್ತದೆ. ಅತ್ತಲಿಲ್ಲ ಅಂದ್ರೆ ನಾನೂ ಅತ್ತಾಕಿಲ್ಲ. ಗೊತ್ತಾಗೋಕ್ ಮುಂಚೆ ಓಗ್ಬುಡಬೇಕು ಕಣ್ಲಾ."

ಮುಂದಿನ ಸೀಟಿನ ಹೆಂಗಸೊಬ್ಬರು ತಿರುಗಿ ನೋಡಿ, ನನ್ನ ಕಡೆ ಕನಿಕರದಿಂದ, "ಆಸ್ಪತ್ರೆಗಾ?" ಎಂದು ಕೇಳಿದರು.

ಅರಕಲಗೂಡಿನ ಆ ಜಗಲಿಯ ಮೇಲೆ ಕೊಡೆ ರಿಪೇರಿಯವರು ಒಬ್ಬರೇ ಇದ್ದರು. ಭಾವನವರು ಕಿವಿಯ ಬತ್ತಿಗಳನ್ನು ತೆಗೆದು ಜೇಬಿಗಿಟ್ಟುಕೊಂಡರು. ರಿಪೇರಿಯವರು ಕೈ ಚಾಚಿದರು; ಭಾವನವರು ಕೊಡೆ ಕೊಟ್ಟರು. ಬಿಚ್ಚಿ ತಿರುಗಿಸಿ ನೋಡಿದ ಅವರು, "ಈ ಸಲ ಮುರಿದಿಲ್ವಲ್ಲ ಸಾ" ಎಂದರು.

"ಇಲ್ಲ" ಎಂದು ಭಾವನವರು ಅಂಗಿಯ ಒಳಗಿಂದ ಮಡಿಸಿದ ಹಾಳೆಯೊಂದನ್ನು ತೆಗೆದರು. ಯಾವಾಗ ಬರೆದಿಟ್ಟಿದ್ದರೋ ನನಗೆ ತಿಳಿಯದು, ಮಡಿಕೆಗಳು ಸವೆದಿದ್ದವು. ನಿಂತುಕೊಂಡೇ ಓದಿದರು. ಯಾವ ಠಾಣೆ, ಯಾವ ಇನ್‌ಸ್ಪೆಕ್ಟರು, ಯಾವ ಮೋಟಾರು. ಸ್ಥಳಕ್ಕೆ ಹೋಗದೆ, ಅಂಗಡಿಯನ್ನು ಕಾಣದೆ, ಬಾಗಿಲಿನ ದಿಕ್ಕನ್ನು ಕೂಡ ಊಹಿಸಿ ತಾನು ಬರೆದದ್ದು. ಅದರ ದೆಸೆಯಿಂದ ಅಂಗಡಿಯವರು ಎಂಟು ತಿಂಗಳು ಸೆರೆಯಲ್ಲಿದ್ದದ್ದು. ಎಲ್ಲವೂ ಮಹಜರಿನ ಭಾಷೆಯಲ್ಲೇ ಇತ್ತು. ಅವರಿಗೆ ಬೇರೆ ಭಾಷೆ ಬರುತ್ತಿರಲಿಲ್ಲ.

ರಿಪೇರಿಯವರು ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು ಪೂರ್ತಿ ಕೇಳಿದರು.

"ಮೊದಲ್ನೇ ದಿನವೇ ಗುರ್ತು ಸಿಕ್ತು ಸಾ. ಆಮೇಲೆ ನೋಡಿದ್ರೆ ವರ್ಷವರ್ಷವೂ ಒಂದೊಂದು ಕಡ್ಡಿ. ಗಾಳಿಗೆ ಮುರಿದ ಕಡ್ಡಿ ಬೇರೆ ತರ ಇರ್ತದೆ. ಮಂಡಿಗೆ ಕೊಟ್ಟು ಮುರಿದಿದ್ದು ಬೇರೆ ತರ. ಏನೋ ಯೋಳಾಕ್ ಬತ್ತಾವ್ರೆ, ಯೋಳ್ಳಿ ಅಂತ ನಾನೂ ಕಾಯ್ತಿದ್ದೆ."

ಭಾವನವರು ಏನೋ ಹೇಳಲು ಬಾಯಿ ತೆರೆದರು. ರಿಪೇರಿಯವರು ಕೈಯೆತ್ತಿ ತಡೆದರು.

"ಒಂದು ತಪ್ಪೈತೆ. ಎಂಟು ತಿಂಗಳಲ್ಲ ಸಾ. ಎಂಟು ತಿಂಗ್ಳು ಹನ್ನೊಂದು ದಿನ. ತಿದ್ದಿ."

ಭಾವನವರು ಜಗಲಿಯ ಅಂಚಿನಲ್ಲಿ ಕುಳಿತು ತಿದ್ದಿದರು. ರಿಪೇರಿಯವರು ಹಾಳೆಯನ್ನು ತೆಗೆದುಕೊಂಡು, ತಾವೇ ಇನ್ನೊಮ್ಮೆ ಓದಿ, ರುಜು ಹಾಕಿದರು. ಪಂಚನಾಗಿ ನಾನು ಹಾಕಿದೆ. ಕಂಡದ್ದಕ್ಕೆ, ಕೇಳಿದ್ದಕ್ಕೆ ಎರಡಕ್ಕೂ. ಹೊರಡುವಾಗ ಅವರು ಕೊಡೆಯನ್ನು ಒರೆಸಿ, ಪಟ್ಟಿ ಸುತ್ತಿ, ಭಾವನವರ ಕೈಗೆ ಕೊಟ್ಟರು.

"ಇನ್ಮ್ಯಾಲೆ ಕಡ್ಡಿ ಮುರೀಬ್ಯಾಡಿ. ಸುಮ್ನೆ ಬನ್ನಿ."

ಭಾವನವರು ಬದುಕಿರುವವರೆಗೆ ಪ್ರತಿ ವರ್ಷ ಸುಮ್ಮನೆ ಹೋದರು. ಆ ಜಗಲಿಯ ಮೇಲೆ ಇಬ್ಬರೂ ಟೀ ಕುಡಿಯುತ್ತಿದ್ದರು. ಏನು ಮಾತಾಡುತ್ತಿದ್ದರೋ ನಾನು ಕೇಳಲಿಲ್ಲ. ಮೀಸೆ ಮೆಟ್ಟಿಲು ಹತ್ತಿದನೇ ಎಂಬುದನ್ನು ಮಾತ್ರ ಭಾವನವರು ಕೊನೆಯವರೆಗೂ ಯಾರ ಬಾಯಲ್ಲೂ ಕೇಳಿ ತಿಳಿಯಲಿಲ್ಲ. ನಾನು ಹನ್ನೊಂದು ಜನರನ್ನು ವಿಚಾರಿಸಿದ್ದೇನೆ. ನಾಲ್ಕು ಬಗೆಯ ಮುಕ್ತಾಯಗಳು ಸಿಕ್ಕಿವೆ. ಒಂದಕ್ಕೂ ಮಹಜರಿಲ್ಲ. ಒಂದನ್ನೂ ನಂಬುವುದಿಲ್ಲ.

ಭಾವನವರು ಅರಕಲಗೂಡಿಗೆ ಹೋದದ್ದು ಟೀವಿ ಒಡೆದು ತಲೆ ತಪ್ಪಿಸಿಕೊಳ್ಳಲಿಕ್ಕೇ ಎಂದು ಇನ್ನೂ ಅನುಮಾನವಿರುವವರು ಅಲ್ಲಿಗೇ ಹೋಗಬಹುದು. ಕೊಡೆ ರಿಪೇರಿಯವರು ಈಗ ಕೆಲಸ ಬಿಟ್ಟಿದ್ದಾರೆ. ಮನೆಯ ಮುಂದೆ ಬಿಸಿಲಿಗೆ ಕೂತಿರುತ್ತಾರೆ, ಕೇಳಿದರೆ ಹೇಳುತ್ತಾರೆ. ಅಷ್ಟು ದೂರ ಆಗದವರು ಹೊಳೆನರಸೀಪುರಕ್ಕೆ ಬಂದರೆ ಅಕ್ಕನ ಪೆಟ್ಟಿಗೆಯಲ್ಲಿ ಆ ಹಾಳೆಯಿದೆ. ಭಾವನವರ ಜೀವಮಾನದ ಬರವಣಿಗೆಯನ್ನೆಲ್ಲ ನಾನು ನೋಡಿದ್ದೇನೆ. ಅವರ ಅಕ್ಷರ ನಡುಗಿರುವುದು ಒಂದೇ ಕಡೆ: ಎಂಟು ತಿಂಗಳು ಎಂಬುದರ ಮುಂದೆ, ಸಾಲಿನ ಮೇಲೆ ಸಣ್ಣದಾಗಿ ಸೇರಿಸಿದ 'ಹನ್ನೊಂದು ದಿನ' ಎಂಬಲ್ಲಿ. ಪಕ್ಕದಲ್ಲಿ ರಿಪೇರಿಯವರದು, ನನ್ನದು, ಇಬ್ಬರ ರುಜುವೂ ಇದೆ.